ಕಲಿಸುವವರೂ ಕಲಿಯಬೇಕು: ಮಾಂಟೆಸ್ಸೋರಿ ಉಪಾಧ್ಯಾಯಿನಿಯರ ತರಬೇತೂ ಸಮ್ಮೇಲನಗಳೂ

ಬಾವಿಯ ನೀರನ್ನು ದಿನವೂ ಸೇದುತ್ತ, ಹೂಳನ್ನು ಮಾತ್ರ ಎಂದಿಗೂ ಎತ್ತಿಸದೆ ಬಿಟ್ಟರೆ, ಕೆಲವು ವರುಷಗಳಲ್ಲಿ ನೀರು ಕದಡಿ ಸೆಲೆಯೂ ಮುಚ್ಚಿಹೋಗುವುದೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ವಿದ್ಯೆಯನ್ನು ಕೊಡುವವರ ವಿಷಯದಲ್ಲಾದರೋ ಈ ಮಾತನ್ನು ನಾವು ಸುಲಭವಾಗಿ ಮರೆಯುತ್ತೇವೆ. ಒಮ್ಮೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರವನ್ನು ಪಡೆದ ಉಪಾಧ್ಯಾಯಿನಿಗೆ ಮತ್ತೆ ಕಲಿಯತಕ್ಕದ್ದೇನೂ ಇಲ್ಲವೆಂದು ಭಾವಿಸುತ್ತೇವೆ. ಚಿಕ್ಕ ಮಕ್ಕಳ ಶಾಲೆಯ ಉಪಾಧ್ಯಾಯಿನಿಯರು ಎರಡು ದಿನಗಳ ಸಮ್ಮೇಲನಕ್ಕೆಂದು ಬೇರೆ ಊರಿಗೆ ಹೊರಟರೆ, “ಮೂರು ವರುಷದ ಕೂಸುಗಳಿಗೆ ಆಟವಾಡಿಸುವುದಕ್ಕೆ ಇಷ್ಟೆಲ್ಲ ಸಭೆಗಳೇತಕ್ಕೆ? ಮಕ್ಕಳಿಗೆ ಸುಮ್ಮನೆ ರಜವಾಯಿತಲ್ಲಾ!” ಎಂದು ಕೇಳುವ ತಂದೆತಾಯಂದಿರು ಯಾವ ಊರಿನಲ್ಲಿ ಇಲ್ಲ?

ಈ ಪ್ರಶ್ನೆಯು ನ್ಯಾಯವಾದುದೇ ಸರಿ. ಮಗುವನ್ನು ಶಾಲೆಗೆ ಒಪ್ಪಿಸಿದವರಿಗೆ ಶಾಲೆಯ ಪ್ರತಿಯೊಂದು ರಜದ ಕಾರಣವನ್ನು ಕೇಳುವ ಹಕ್ಕು ಉಂಟು. ಅಲ್ಲದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿ ಹೊರಟವರಲ್ಲಿ ಅನೇಕರು ಶಿಶುಶಿಕ್ಷಣದ ವೃತ್ತಿಯನ್ನು ಕೈಕೊಳ್ಳುವುದರಿಂದಲೂ, ಉಳಿದವರಲ್ಲಿ ಬಹುಮಂದಿ ತಾಯಂದಿರಾಗಿ ತಮ್ಮ ಮಕ್ಕಳಿಗೆ ಶಾಲೆಯನ್ನು ಆರಿಸಬೇಕಾಗಿರುವುದರಿಂದಲೂ, ಮಾಂಟೆಸ್ಸೋರಿ ಉಪಾಧ್ಯಾಯಿನಿಯು ಹೇಗೆ ಸಿದ್ಧಳಾಗುತ್ತಾಳೆ, ಸಿದ್ಧಳಾದ ಮೇಲೂ ಅವಳಿಗೆ ಸಹೋದ್ಯೋಗಿಗಳ ಕೂಟವು ಏಕೆ ಬೇಕಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸುವುದು ಉಚಿತವೆಂದು ತೋರುತ್ತದೆ.

ಪದ್ಧತಿಯ ಹುಟ್ಟು

ಮರಿಯಾ ಮಾಂಟೆಸ್ಸೋರಿಯವರು ಇಟಲಿ ದೇಶದ ಕಿಯಾರಾವಾಲೆ ಎಂಬ ಊರಿನಲ್ಲಿ 1870ನೆಯ ಇಸವಿ ಆಗಸ್ಟ್ 31ರಲ್ಲಿ ಜನಿಸಿದರು. ಹೆಂಗಸರು ವೈದ್ಯಶಾಸ್ತ್ರವನ್ನು ಓದುವುದು ಬಲು ಅಪರೂಪವಾಗಿದ್ದ ಆ ಕಾಲದಲ್ಲಿ, ರೋಮ್ ವಿಶ್ವವಿದ್ಯಾನಿಲಯದಿಂದ 1896ರಲ್ಲಿ ವೈದ್ಯ ಪದವಿಯನ್ನು ಪಡೆದರು. ಬುದ್ಧಿಮಾಂದ್ಯವುಳ್ಳ ಮಕ್ಕಳ ಚಿಕಿತ್ಸೆಯಲ್ಲಿ ತೊಡಗಿದ್ದಾಗ, ಫ್ರಾನ್ಸಿನ ಇಟಾರ್, ಸೆಗ್ವಾನ್ ಎಂಬ ವೈದ್ಯರ ಗ್ರಂಥಗಳನ್ನು ವ್ಯಾಸಂಗಮಾಡಿ, ಇಂದ್ರಿಯಗಳನ್ನೂ ಕೈಗಳನ್ನೂ ಪಳಗಿಸುವ ಸಾಧನಗಳಿಂದ ಆ ಮಕ್ಕಳು ಎಷ್ಟೋ ಕಲಿಯಬಲ್ಲರೆಂಬುದನ್ನು ಕಂಡುಕೊಂಡರು. ಇವರಿಗೆ ಇಷ್ಟು ಸಾಧ್ಯವಾದರೆ ಸಾಮಾನ್ಯ ಮಕ್ಕಳಿಗೆ ಎಷ್ಟು ಸಾಧ್ಯವಾಗಬೇಡ ಎಂಬ ಯೋಚನೆಯೇ ಮುಂದಿನ ಕಾರ್ಯಕ್ಕೆಲ್ಲಾ ಬೀಜವಾಯಿತು.

1907ನೆಯ ಇಸವಿ ಜನವರಿ 6ರಲ್ಲಿ ರೋಮ್ ಪಟ್ಟಣದ ಸ್ಯಾನ್ ಲೊರೆಂಜೋ ಎಂಬ ಬಡವರ ಕೇರಿಯಲ್ಲಿ, ಕೂಲಿಗಾರರ ಸುಮಾರು 50 ಮಕ್ಕಳಿಗಾಗಿ ‘ಮಕ್ಕಳ ಮನೆ’ಯು ತೆರೆಯಲ್ಪಟ್ಟಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಮನೆಯ ಪ್ರಥಮ ಉಪಾಧ್ಯಾಯಿನಿಯು ಆ ಕಟ್ಟಡದ ಕಾವಲುಗಾರನ ಮಗಳೇ ಹೊರತು ಉಪಾಧ್ಯಾಯ ತರಬೇತು ಹೊಂದಿದವಳಲ್ಲ. ಹಳೆಯ ಶಾಲೆಗಳ ಅಭ್ಯಾಸಗಳು ಅವಳಿಗೆ ಅಂಟಿರಲಿಲ್ಲವಾದುದರಿಂದ ಹೇಳಿದುದನ್ನು ಹೇಳಿದಂತೆ ಮಾಡಿದಳು. ಹಾಗಾದರೆ ತರಬೇತು ಅನಾವಶ್ಯಕವೆಂದಾಯಿತೇ? ಇಲ್ಲ. ಹೇಗಂದರೆ, ಆಗ ಮಾಂಟೆಸ್ಸೋರಿಯವರು ತಾವೇ ಹತ್ತಿರವಿದ್ದು ಮಕ್ಕಳನ್ನು ನೋಡುತ್ತಲೂ ಮಾಡತಕ್ಕದ್ದನ್ನು ತಿಳಿಸುತ್ತಲೂ ಇದ್ದರು. ಶಾಲೆಯು ಒಂದಾಗಿರುವಾಗ ಗುರುವಿನ ಸಾನ್ನಿಧ್ಯವೇ ತರಬೇತು. ಶಾಲೆಗಳು ನೂರಾಗಿ, ದೇಶದೇಶಗಳಿಗೆ ಹಬ್ಬಿದಾಗ ಆ ಸಾನ್ನಿಧ್ಯದ ಸ್ಥಾನವನ್ನು ತುಂಬತಕ್ಕದ್ದು ಬೇರೊಂದು ಬೇಕಾಯಿತು. ಅದೇ ತರಬೇತು ವರ್ಗ. ಅದರ ಬೆನ್ನಿಗೇ ಬಂದುದು ಸಮ್ಮೇಲನ.

ಪ್ರಥಮ ವರ್ಗಗಳೂ ಲೋಕ ಸಮ್ಮೇಲನಗಳೂ

1909ರಲ್ಲಿ ಚಿತ್ತಾ ದಿ ಕಾಸ್ತೆಲ್ಲೋ ಎಂಬಲ್ಲಿ, ಫ್ರಾಂಕೆಟ್ಟಿ ದಂಪತಿಗಳ ಆಶ್ರಯದಲ್ಲಿ, ಸುಮಾರು 100 ಮಂದಿ ಉಪಾಧ್ಯಾಯರಿಗೆ ಮೊದಲನೆಯ ವರ್ಗವು ನಡೆಯಿತು. ಪದ್ಧತಿಯನ್ನು ವಿವರಿಸುವ ಮೂಲಗ್ರಂಥವೂ ಅದೇ ವರುಷ ಹೊರಬಂದಿತು. 1913ರಲ್ಲಿ ರೋಮ್ ಪಟ್ಟಣದಲ್ಲಿ ಅನ್ಯದೇಶದವರಿಗಾಗಿ ಅಂತರರಾಷ್ಟ್ರೀಯ ವರ್ಗವು ಏರ್ಪಟ್ಟಿತು. 1915ರಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಹಾ ಪ್ರದರ್ಶನದಲ್ಲಿ ಗಾಜಿನ ಗೋಡೆಗಳುಳ್ಳ ತರಗತಿಯೊಂದನ್ನು ಕಟ್ಟಿ, ಮಕ್ಕಳು ತಮ್ಮ ಕೆಲಸದಲ್ಲಿ ಮಗ್ನರಾಗಿರುವುದನ್ನು ಜನರು ಹೊರಗಿನಿಂದ ಕುಳಿತು ನೋಡುವಂತೆ ಮಾಡಿದರು. ಮಕ್ಕಳನ್ನು ತೊಂದರೆಪಡಿಸದೆ ನೋಡುವುದೇ ಕಲಿಕೆಯ ಮೊದಲ ಮೆಟ್ಟಿಲೆಂಬುದನ್ನು ಸಾರ್ವಜನಿಕರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯವಿರಲಾರದು.

1929ರಲ್ಲಿ ಡೆನ್ಮಾರ್ಕ್ ದೇಶದ ಹೆಲ್ಸಿಂಗೋರ್ ಎಂಬ ಊರಿನಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಮಾಂಟೆಸ್ಸೋರಿ ಸಮ್ಮೇಲನವು ಕೂಡಿತು; ಅಂತರರಾಷ್ಟ್ರೀಯ ಮಾಂಟೆಸ್ಸೋರಿ ಸಂಘವೂ ಅಲ್ಲಿಯೇ ಸ್ಥಾಪಿತವಾಯಿತು. ಮೊದಲು ಬರ್ಲಿನ್ ನಗರದಲ್ಲಿದ್ದ ಇದರ ಮುಖ್ಯ ಕಾರ್ಯಾಲಯವು 1935ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಬಂದಿತು. ಈಗಲೂ ಅಲ್ಲಿಯೇ ಇದೆ. ಸ್ಥಳವನ್ನು ಬದಲಾಯಿಸಿದ ಕಾಲವನ್ನು ನೋಡಿದರೆ ಆಗಿನ ಯೂರೋಪಿನ ಸ್ಥಿತಿಯು ಗೊತ್ತಾಗುತ್ತದೆ. 1933ರ ತರುವಾಯ ಜರ್ಮನಿಯಲ್ಲಿ ನಾಜಿಗಳ ಸರಕಾರವು ಮಾಂಟೆಸ್ಸೋರಿ ಶಾಲೆಗಳನ್ನು ಮುಚ್ಚಿಸಿತು. ಇಟಲಿಯಲ್ಲಿ ಮೊದಲು ಆದರಿಸಿದ ಮುಸೊಲಿನಿಯ ಸರಕಾರವೂ ಕೆಲವೇ ವರುಷಗಳಲ್ಲಿ ವಿರೋಧಿಯಾಯಿತು. ತಾನೇ ಯೋಚಿಸಿ, ತಾನೇ ಆರಿಸಿಕೊಳ್ಳಬಲ್ಲ ಮಗುವನ್ನು ಬೆಳೆಯಿಸುವ ಶಾಲೆಯು, ಅಪ್ಪಣೆಗೆ ತಲೆಬಾಗುವ ಪ್ರಜೆಗಳನ್ನು ಬಯಸುವ ಅರಸೊತ್ತಿಗೆಗೆ ಹೇಗೆ ಒಗ್ಗೀತು? ಇಂಥ ದಿನಗಳಲ್ಲಿಯೇ, 1937ರಲ್ಲಿ, ಕೋಪನ್‌ಹೇಗನ್ ನಗರದಲ್ಲಿ ನಡೆದ ಸಮ್ಮೇಲನದ ಮುಖ್ಯ ವಿಷಯವು ‘ಶಾಂತಿಗಾಗಿ ಶಿಕ್ಷಣ’ ಎಂಬುದಾಗಿತ್ತು. ಉಪಾಧ್ಯಾಯರ ಸಭೆಯು ಪಾಠದ ಮಣೆಗಳನ್ನೂ ಮಣಿಗಳನ್ನೂ ಕುರಿತು ಮಾತನಾಡುವ ಕೂಟ ಮಾತ್ರವಲ್ಲ, ಮಗುವಿನ ಪರವಾಗಿ ಲೋಕದ ಮುಂದೆ ನಿಲ್ಲುವ ಸಭೆಯೂ ಹೌದೆಂಬುದು ಆಗ ಪ್ರಕಟವಾಯಿತು.

ಭಾರತದಲ್ಲಿ

ಮಾಂಟೆಸ್ಸೋರಿಯವರು ಇಲ್ಲಿಗೆ ಬರುವ ಎಷ್ಟೋ ಮೊದಲೇ ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲಿಯನ್ನು ಬಿಟ್ಟು, 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಆರಂಭಿಸಿದ್ದರು. ಅಲ್ಲಿಯೇ ಉಪಾಧ್ಯಾಯರ ತರಬೇತೂ ನಡೆಯಿತು. 1926ರಲ್ಲಿ ಅವರೂ ತಾರಾಬಾಯಿ ಮೋಡಕ್ ಅವರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿ, ಪತ್ರಿಕೆಯ ಮೂಲಕವೂ ಸಭೆಗಳ ಮೂಲಕವೂ ಚದರಿಹೋಗಿದ್ದ ಉಪಾಧ್ಯಾಯರನ್ನು ಒಟ್ಟುಗೂಡಿಸಿದರು. ವಿದೇಶದ ಬೆಲೆಬಾಳುವ ಸಾಮಗ್ರಿಗಳಿಗೆ ಬದಲಾಗಿ ನಮ್ಮ ಬಡಗಿಯೂ ಕುಂಬಾರನೂ ಮಾಡಿಕೊಡಬಲ್ಲ ಸಾಧನಗಳನ್ನು ಬಳಕೆಗೆ ತಂದುದು ಈ ತಂಡದ ಹಿರಿಮೆ. ತಾರಾಬಾಯಿಯವರು ಮುಂದೆ 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘ್ ಅವರ ಸಹಾಯದಿಂದ ಗ್ರಾಮದ ಬಡ ಮಕ್ಕಳ ನಡುವೆ ಇದೇ ಕೆಲಸವನ್ನು ನಡೆಸಿದರು.

ಬಡತನದ ಈ ಪ್ರಶ್ನೆಯನ್ನು ಗಾಂಧಿಯವರೂ ಎತ್ತಿದ್ದರು. 1931ನೆಯ ಇಸವಿ ಅಕ್ಟೋಬರಿನಲ್ಲಿ ಲಂಡನ್ನಿನ ಮಾಂಟೆಸ್ಸೋರಿ ತರಬೇತು ಕಾಲೇಜಿನಲ್ಲಿ ಮಾತನಾಡಿದಾಗ, ಈ ಶಿಕ್ಷಣವು ಸಿರಿವಂತರ ಮಕ್ಕಳಿಗೆ ಮಾತ್ರವಲ್ಲದೆ ದರಿದ್ರರ ಮಕ್ಕಳಿಗೂ ದೊರೆಯುವ ಕಾಲವು ಬರಲೆಂಬ ಹಾರೈಕೆಯನ್ನು ಅವರು ವ್ಯಕ್ತಪಡಿಸಿದರು. ಆ ಹಾರೈಕೆಯು ಪೂರ್ಣವಾಗಿ ಈಡೇರಿದೆಯೆಂದು ಇಂದಿಗೂ ಹೇಳುವಂತಿಲ್ಲ.

1939ರ ನವಂಬರಿನಲ್ಲಿ, ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾರ್ಜ್ ಅರಂಡೇಲ್ ಅವರ ಆಹ್ವಾನದ ಮೇರೆಗೆ, 69 ವರುಷ ವಯಸ್ಸಿನ ಮಾಂಟೆಸ್ಸೋರಿಯವರು ತಮ್ಮ ಮಗನಾದ ಮಾರಿಯೋ ಅವರೊಡನೆ ಮದರಾಸಿಗೆ ಬಂದಿಳಿದರು. ಅಡಯಾರಿನಲ್ಲಿ ಗರಿಯ ಚಪ್ಪರಗಳ ಕೆಳಗೆ 300ಕ್ಕೂ ಹೆಚ್ಚು ಮಂದಿ ಶಿಕ್ಷಾರ್ಥಿಗಳು ಸೇರಿದರು. ಅವರು ಇಟಾಲಿಯನ್ ಭಾಷೆಯಲ್ಲಿ ಹೇಳಿದುದನ್ನು ಮಾರಿಯೋ ಅವರು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಕೆಲವು ತಿಂಗಳಲ್ಲಿ ಮುಗಿಯಬೇಕಾಗಿದ್ದ ಪ್ರವಾಸವು ಯುದ್ಧದ ದೆಸೆಯಿಂದ ಸುಮಾರು ಏಳು ವರುಷಗಳವರೆಗೆ ಬೆಳೆಯಿತು. 1940ರ ಜೂನಿನಲ್ಲಿ ಇಟಲಿಯು ಯುದ್ಧಕ್ಕಿಳಿಯಲಾಗಿ, ಬ್ರಿಟಿಷ್ ಸರಕಾರವು ಮಾರಿಯೋ ಅವರನ್ನು ಸೆರೆಯಲ್ಲಿಟ್ಟು, ತಾಯಿಯವರನ್ನು ಅಡಯಾರಿನ ಎಲ್ಲೆಯೊಳಗೆ ಇರಿಸಿತು. ಅದೇ ಆಗಸ್ಟ್ 31ರಲ್ಲಿ, ಅವರ ಎಪ್ಪತ್ತನೆಯ ಜನ್ಮದಿನದಂದು, ವೈಸರಾಯರು ಮಗನನ್ನು ಬಿಡುಗಡೆಮಾಡಿ ತಾಯಿಗೆ ಕಾಣಿಕೆಯಾಗಿ ಕಳುಹಿಸಿಕೊಟ್ಟರು. ಬಳಿಕ ಕೊಡೈಕನಾಲ್, ಅಹಮದಾಬಾದು, ಕರಾಚಿ ಮೊದಲಾದ ಸ್ಥಳಗಳಲ್ಲಿಯೂ, ನೆರೆಯ ಕೊಲಂಬೋ ನಗರದಲ್ಲಿಯೂ ವರ್ಗಗಳು ನಡೆದವು. ಅವರ ಕೈಯಲ್ಲಿ ಈ ದೇಶದಲ್ಲಿ ತರಬೇತು ಹೊಂದಿದವರ ಸಂಖ್ಯೆಯು ಸಾವಿರವನ್ನು ಮೀರಿತು.

ಆದರೆ ಇದು ಕೊಡುವ ಕೆಲಸ ಮಾತ್ರವಾಗಿರಲಿಲ್ಲ. ಕೊಡೈಕನಾಲಿನ ಗುಡ್ಡಗಳಲ್ಲಿ ದೊಡ್ಡ ಮಕ್ಕಳೊಡನೆ ಗಿಡಬಳ್ಳಿ, ಕಲ್ಲು, ನೀರುಗಳನ್ನು ನೋಡುತ್ತ ನಡೆದ ಕೆಲಸದಿಂದ ಆರು ವರುಷ ಮೇಲ್ಪಟ್ಟ ಮಕ್ಕಳ ಶಿಕ್ಷಣಕ್ರಮವು ರೂಪುಗೊಂಡಿತು. ಅಹಮದಾಬಾದಿನಲ್ಲಿ ಮಾಡಿದ ಉಪನ್ಯಾಸಗಳಿಂದ ಅವರ ಪ್ರಸಿದ್ಧ ಗ್ರಂಥವಾದ ‘ದಿ ಅಬ್ಸಾರ್ಬೆಂಟ್ ಮೈಂಡ್’ ಎಂಬುದು ಹುಟ್ಟಿ 1949ರಲ್ಲಿ ಪ್ರಕಟವಾಯಿತು. ಎಪ್ಪತ್ತು ದಾಟಿದ ಗುರುವೂ ಶಿಷ್ಯರ ನಡುವೆ ನಿಂತು ಹೊಸದನ್ನು ಕಲಿತರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 1952ರ ಮೇ 6ರಲ್ಲಿ ಅವರು ಹಾಲೆಂಡಿನಲ್ಲಿ ತೀರಿಕೊಂಡರು. ಅವರ ಪ್ರತಿನಿಧಿಯಾಗಿ ಇಲ್ಲಿ ನಿಂತ ಆಲ್ಬರ್ಟ್ ಯೋಸ್ಟೆನ್ ಎಂಬ ಡಚ್ ಮಹನೀಯರು ಸುಮಾರು ಮೂರು ದಶಕಗಳ ಕಾಲ ಭಾರತದ ಹಲವು ನಗರಗಳಲ್ಲಿ ವರ್ಗಗಳನ್ನು ನಡೆಸಿದರು. ಈಗ ಬೆಂಗಳೂರಿನಲ್ಲಿಯೇ ಇಂಡಿಯನ್ ಮಾಂಟೆಸ್ಸೋರಿ ಸೆಂಟರ್ ಎಂಬ ಸಂಸ್ಥೆಯು ಉಪಾಧ್ಯಾಯರನ್ನು ತರಬೇತುಗೊಳಿಸುತ್ತಿದೆ. 2009ರಲ್ಲಿ ಇಪ್ಪತ್ತಾರನೆಯ ಅಂತರರಾಷ್ಟ್ರೀಯ ಸಮ್ಮೇಲನವು ಚೆನ್ನೈ ನಗರದಲ್ಲಿ ಕೂಡಿದಾಗ, ಎಪ್ಪತ್ತು ವರುಷಗಳ ಹಿಂದೆ ಗರಿಯ ಚಪ್ಪರಗಳಲ್ಲಿ ಬಿತ್ತಿದ ಬೀಜವು ನೆನಪಿಗೆ ಬಾರದೆ ಇರಲಿಲ್ಲ.

ತರಬೇತಿನಲ್ಲಿ ಕಲಿಯತಕ್ಕದ್ದೇನು?

ಸಾಮಾನ್ಯವಾಗಿ ಒಂದು ವರುಷದಷ್ಟು ನಡೆಯುವ ಈ ವರ್ಗದಲ್ಲಿ ನಾಲ್ಕು ಮುಖ್ಯ ಅಂಗಗಳುಂಟು. ಮೊದಲನೆಯದು ಮಗುವಿನ ಬೆಳವಣಿಗೆಯನ್ನು ಕುರಿತ ತತ್ತ್ವಗಳು. ಎರಡನೆಯದು ಸಾಧನಗಳ ಅಭ್ಯಾಸ. ಮೂರನೆಯದು ಮಕ್ಕಳ ಕೋಣೆಯ ಮೂಲೆಯಲ್ಲಿ ಮೌನವಾಗಿ ಕುಳಿತು, ಕಂಡುದನ್ನು ಕಂಡಂತೆಯೇ ಬರೆಯುವುದು. ನಾಲ್ಕನೆಯದು ಅನುಭವಸ್ಥೆಯ ಕಣ್ಣೆದುರಿನಲ್ಲಿ ಮಕ್ಕಳೊಡನೆ ಕೆಲಸಮಾಡುವುದು. ಇವಲ್ಲದೆ ಪ್ರತಿಯೊಬ್ಬ ಶಿಕ್ಷಾರ್ಥಿನಿಯೂ ಪ್ರತಿಯೊಂದು ಸಾಧನವನ್ನು ಹೇಗೆ ತೋರಿಸಬೇಕೆಂಬುದನ್ನು ಚಿತ್ರಸಹಿತವಾಗಿ ಬರೆದು ಆಲ್ಬಮ್ಮುಗಳನ್ನು ತಾನೇ ಸಿದ್ಧಪಡಿಸಬೇಕು. ಕೊನೆಗೆ ಬರವಣಿಗೆಯ ಪರೀಕ್ಷೆಯೂ ಬಾಯಿಮಾತಿನ ಪರೀಕ್ಷೆಯೂ ಉಂಟು.

ಹೊರಗಿನವರಿಗೆ ಆಟದ ಸಾಮಾನಿನಂತೆ ತೋರುವ ವಸ್ತುಗಳಲ್ಲಿ ಎಷ್ಟು ಲೆಕ್ಕಾಚಾರವಿದೆಯೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ಗುಲಾಬಿ ಬಣ್ಣದ ಗೋಪುರವೆಂಬ ಸಾಧನದಲ್ಲಿ ಹತ್ತು ಮರದ ಘನಗಳಿವೆ. ಅತಿ ಚಿಕ್ಕದರ ಬದಿ 1 ಸೆಂಟಿಮೀಟರು, ಅತಿ ದೊಡ್ಡದರದು 10 ಸೆಂಟಿಮೀಟರು. ಬಣ್ಣವೂ ಆಕಾರವೂ ಒಂದೇ, ಗಾತ್ರವೊಂದೇ ಬೇರೆ. ಮಗುವು ತಪ್ಪಿ ಜೋಡಿಸಿದರೆ ಗೋಪುರವು ಅಂಕುಡೊಂಕಾಗಿ ತನ್ನ ತಪ್ಪನ್ನು ತಾನೇ ಸಾರುತ್ತದೆ. ಉಪಾಧ್ಯಾಯಿನಿಯು ಬಾಯಿ ತೆರೆಯಬೇಕಾಗಿಲ್ಲ. ಹತ್ತರಲ್ಲಿ ಒಂದು ಘನವು ಕಳೆದುಹೋದರೆ ಸಾಧನವೇ ಕೆಟ್ಟಿತು. ಆದುದರಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದ ಗೋಪುರವೂ, ಎಣಿಸದೆ ಬಿಟ್ಟ ಗೋಪುರವೂ ಎರಡೂ ವ್ಯರ್ಥವೇ.

ಹಾಗೆಯೇ ಹೆಸರುಗಳನ್ನು ಕಲಿಸುವ ಮೂರು ಮೆಟ್ಟಿಲಿನ ಪಾಠ. “ಇದು ಒರಟು, ಇದು ನುಣುಪು” ಎಂದು ಮುಟ್ಟಿಸಿ ಹೇಳುವುದು ಮೊದಲನೆಯದು. “ಒರಟಾದುದು ಯಾವುದು? ತೋರಿಸಮ್ಮಾ” ಎನ್ನುವುದು ಎರಡನೆಯದು. “ಇದು ಏನು?” ಎಂದು ಕೇಳುವುದು ಮೂರನೆಯದು. ಎರಡನೆಯ ಮೆಟ್ಟಿಲಿನಲ್ಲಿ ಮಗುವು ತಪ್ಪಿದರೆ ತಿದ್ದದೆ, ಬೇಸರಪಡಿಸದೆ, ಪಾಠವನ್ನು ಅಲ್ಲಿಗೇ ನಿಲ್ಲಿಸಿ ಇನ್ನೊಂದು ದಿನ ಮೊದಲಿನಿಂದ ಆರಂಭಿಸಬೇಕು. ನಿಯಮವು ನಾಲ್ಕು ಸಾಲಿನದು. ಆದರೆ ತಿದ್ದಬೇಕೆಂದು ತುಡಿಯುವ ನಾಲಗೆಯನ್ನು ಹಿಡಿಯುವುದಕ್ಕೆ ವರುಷಗಳ ಸಾಧನೆ ಬೇಕು.

ಕಲಿತವರು ಮತ್ತೆ ಕೂಡುವುದೇಕೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಕಲಿತು ಬಂದವಳಿಗೆ ಸಮ್ಮೇಲನದಿಂದ ಪ್ರಯೋಜನವೇನು?

ಮೊದಲನೆಯದಾಗಿ, ಮಾಂಟೆಸ್ಸೋರಿ ಉಪಾಧ್ಯಾಯಿನಿಯು ತನ್ನ ಕೋಣೆಯಲ್ಲಿ ಒಬ್ಬಳೇ. ಅವಳ ಕೆಲಸವನ್ನು ತೂಗಿ ನೋಡುವ ದೊಡ್ಡವರು ಯಾರೂ ಅಲ್ಲಿಲ್ಲ. ಮೂರು ವರುಷದ ಮಗುವು ಅವಳ ತಪ್ಪನ್ನು ಎತ್ತಿ ಹೇಳಲಾರದು. ಇಂಥ ಸ್ಥಿತಿಯಲ್ಲಿ ಅಭ್ಯಾಸವು ತಿಳಿಯದಂತೆಯೇ ಜಾರುತ್ತದೆ. ಮೌನವಾಗಿ ತೋರಿಸಬೇಕಾದಲ್ಲಿ ಮಾತು ಬೆಳೆಯುತ್ತದೆ; ಕಾಯಬೇಕಾದಲ್ಲಿ ಕೈ ಮುಂದಾಗುತ್ತದೆ; ಮಗುವು ತಾನಾಗಿ ಆರಿಸಿಕೊಳ್ಳಬೇಕಾದ ಕೆಲಸವನ್ನು ನಾವೇ ಹಂಚಿಕೊಡುತ್ತೇವೆ. ಸಹೋದ್ಯೋಗಿಗಳ ಎದುರಿನಲ್ಲಿ ಅದೇ ಸಾಧನವನ್ನು ಮತ್ತೊಮ್ಮೆ ತೋರಿಸುವಾಗ ಈ ಜಾರುವಿಕೆಯು ಐದೇ ನಿಮಿಷದಲ್ಲಿ ಬಯಲಾಗುತ್ತದೆ.

ಎರಡನೆಯದಾಗಿ, ಕಷ್ಟದ ಮಗುವಿನ ವಿಷಯ. ಯಾವ ಕೆಲಸದಲ್ಲಿಯೂ ನಿಲ್ಲದೆ ಅಲೆಯುವ ಮಗು, ಇತರರ ಚಾಪೆಯನ್ನು ತುಳಿದು ಕೆಡಿಸುವ ಮಗು, ತಿಂಗಳುಗಟ್ಟಲೆ ಬಾಯಿಬಿಡದ ಮಗು, ಇಂಥವರು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಒಬ್ಬಳೇ ಯೋಚಿಸಿದರೆ ಉಪಾಧ್ಯಾಯಿನಿಗೆ ಮಗುವಿನ ಮೇಲೋ ತನ್ನ ಮೇಲೋ ಜುಗುಪ್ಸೆಯುಂಟಾಗುತ್ತದೆ. ಹತ್ತು ಮಂದಿಯ ನಡುವೆ ಆ ಮಗುವಿನ ಹೆಸರನ್ನು ಮರೆಸಿ, ಒಂದು ವಾರದ ಟಿಪ್ಪಣಿಗಳನ್ನು ಓದಿದಾಗ, “ಆ ಮಗುವು ನೀರು ಸುರಿಯುವ ಕೆಲಸದ ಬಳಿ ದಿನವೂ ನಿಂತು ನೋಡುತ್ತದೆಯಲ್ಲಾ, ಅದನ್ನು ನೀವು ಗಮನಿಸಲಿಲ್ಲವೇ?” ಎಂದು ಒಬ್ಬರು ಕೇಳುತ್ತಾರೆ. ಬಾಗಿಲು ಅಲ್ಲಿಯೇ ತೆರೆಯುತ್ತದೆ.

ಮೂರನೆಯದಾಗಿ, ಟೀಕೆಯನ್ನು ಕೇಳುವುದಕ್ಕೆ. 1914ರಲ್ಲಿಯೇ ಅಮೆರಿಕೆಯ ಕಿಲ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು ಈ ಪದ್ಧತಿಯನ್ನು ಕಟುವಾಗಿ ವಿಮರ್ಶಿಸಿ ಪುಸ್ತಕ ಬರೆದರು. ಅಲ್ಲಿ ಮೊದಲು ಎದ್ದಿದ್ದ ಉತ್ಸಾಹವು ಕೆಲವೇ ವರುಷಗಳಲ್ಲಿ ತಗ್ಗಿತು. ಸಾಧನಗಳು ಮಗುವಿನ ಕಲ್ಪನೆಗೆ ಎಡೆಗೊಡುವುದಿಲ್ಲವೆಂದೂ, ಅನುಯಾಯಿಗಳು ಗುರುವಿನ ಮಾತನ್ನು ವಿಚಾರಿಸದೆ ನಂಬುವರೆಂದೂ ಹೇಳುವವರು ಈಗಲೂ ಇದ್ದಾರೆ. ಈ ಎರಡನೆಯ ಆಕ್ಷೇಪಣೆಯಲ್ಲಿ ಎಚ್ಚರಿಕೆಯ ಮಾತುಂಟು. ಒಬ್ಬರನ್ನೊಬ್ಬರು ಹೊಗಳುವುದಕ್ಕೆ ಮಾತ್ರ ಕೂಡುವ ಸಭೆಯು ಪದ್ಧತಿಯನ್ನು ಕಾಪಾಡುವುದಿಲ್ಲ, ಅದನ್ನು ಒಣಗಿಸುತ್ತದೆ.

ಕನ್ನಡದಲ್ಲಿ ಮಾಡತಕ್ಕ ಕೆಲಸ

ನಾಲ್ಕನೆಯದಾದ, ನಮಗೆ ಅತಿ ಹತ್ತಿರವಾದ ಕಾರಣವನ್ನು ಪ್ರತ್ಯೇಕವಾಗಿ ಹೇಳಬೇಕು. ಇಟಾಲಿಯನ್ ಭಾಷೆಗಾಗಿ ಹುಟ್ಟಿದ ಅಕ್ಷರಸಾಧನಗಳನ್ನು ಕನ್ನಡಕ್ಕೆ ತರುವಾಗ ಏಳುವ ತೊಡಕುಗಳನ್ನು ಕನ್ನಡದ ಉಪಾಧ್ಯಾಯಿನಿಯರಲ್ಲದೆ ಬೇರೆ ಯಾರೂ ಬಿಡಿಸಲಾರರು.

ಉಪ್ಪುಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರಿ, ಅದರ ಧ್ವನಿಯನ್ನು ಕೇಳಿ, ಬಳಿಕ ಬಿಡಿ ಅಕ್ಷರಗಳನ್ನು ಜೋಡಿಸಿ ಮಾತನ್ನು ಕಟ್ಟುವುದು ಈ ಪದ್ಧತಿಯ ಕ್ರಮ. ಇಟಾಲಿಯನ್ ಭಾಷೆಯ ಅಕ್ಷರಗಳು ಇಪ್ಪತ್ತೊಂದು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. ಅವುಗಳ ಮೇಲೆ ಗುಣಿತ, ಒತ್ತಕ್ಷರಗಳು. ಮಗುವಿಗೆ ಮೊದಲು ಬರೆಯಬೇಕೆನಿಸುವ ಮಾತುಗಳಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ. ಇವುಗಳಲ್ಲಿ ಒತ್ತಿಲ್ಲದ ಮಾತು ಒಂದಾದರೂ ಉಂಟೇ? ನಮ್ಮ ಬಾಲಬೋಧೆಗಳಾದರೋ ಒತ್ತಕ್ಷರವನ್ನು ಕಟ್ಟಕಡೆಗೆ ಇಡುತ್ತವೆ. ಮಗುವಿನ ಹೃದಯಕ್ಕೆ ಹತ್ತಿರವಾದ ಮಾತನ್ನು ಮೊದಲು ಕೊಡಬೇಕೇ, ಲಿಪಿಗೆ ಸುಲಭವಾದುದನ್ನು ಮೊದಲು ಕೊಡಬೇಕೇ? ಮತ್ತೂ ಕೆಲವು ಸೀಮೆಗಳ ಮನೆಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ. ಮಹಾಪ್ರಾಣಗಳು ಕೇಳಿಸುವುದೇ ಇಲ್ಲ. ಕಿವಿಯಿಂದ ಕಲಿಯುವ ಮಗುವಿಗೆ, ಅದರ ಮನೆಯ ಮಾತನ್ನು ಹೀನವೆನ್ನದೆ, ‘ಹ’ಕಾರವನ್ನು ಕೊಡುವುದು ಹೇಗೆ? ಅಕ್ಷರವನ್ನು ಸವರುವಾಗ ಬೆರಳು ಎಲ್ಲಿಂದ ಹೊರಡಬೇಕೆಂಬುದರಲ್ಲಿಯೂ ಶಾಲೆಗೊಂದು ರೂಢಿಯಿದ್ದರೆ, ಊರು ಬದಲಿಸಿದ ಮಗುವಿನ ಗತಿಯೇನು?

ಲೆಕ್ಕದಲ್ಲಾದರೋ ನಮ್ಮ ಭಾಷೆಯು ದೊಡ್ಡ ಅನುಕೂಲವನ್ನು ಕೊಟ್ಟಿದೆ. ಇಂಗ್ಲಿಷಿನ ‘ಇಲೆವೆನ್’ ಎಂಬ ಹೆಸರನ್ನು ಕೇಳಿದ ಮಗುವಿಗೆ ಅದರೊಳಗೆ ಹತ್ತೂ ಒಂದೂ ಇರುವುದು ತಿಳಿಯದು. ‘ಹನ್ನೊಂದು’ ಎಂಬುದರಲ್ಲಿ ಎರಡೂ ಕೇಳಿಸುತ್ತವೆ. ‘ಇಪ್ಪತ್ತಮೂರು’ ಎಂಬುದು ಎರಡು ಹತ್ತಿನ ಸರಗಳನ್ನೂ ಮೂರು ಬಿಡಿ ಮಣಿಗಳನ್ನೂ ಕಣ್ಣಮುಂದೆ ನಿಲ್ಲಿಸುತ್ತದೆ. ನಿತ್ಯಜೀವನದ ಅಭ್ಯಾಸಗಳಲ್ಲಿಯೂ ಹಾಗೆಯೇ. ಕಾಳು ಆರಿಸುವುದು, ಹೂವು ಕಟ್ಟುವುದು, ಚಾಪೆ ಸುತ್ತುವುದು, ಸೀರೆಯ ತುಂಡನ್ನು ಮಡಚುವುದು, ಚೊಂಬಿನಿಂದ ಲೋಟಕ್ಕೆ ಚೆಲ್ಲದೆ ನೀರು ಬಗ್ಗಿಸುವುದು, ಇವೆಲ್ಲವೂ ಕೈಗೂ ಕಣ್ಣಿಗೂ ಒಪ್ಪುವ, ಕಾಸು ಖರ್ಚಿಲ್ಲದ ಪಾಠಗಳು. ಇವನ್ನು ಕುರಿತು ಒಬ್ಬಳು ಕಂಡುಕೊಂಡುದು ಹತ್ತು ಶಾಲೆಗಳಿಗೆ ಮುಟ್ಟಬೇಕಾದರೆ, ಒಂದೆಡೆ ಕೂಡಿ ತೋರಿಸಿ ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಒಳ್ಳೆಯ ಸಮ್ಮೇಲನದ ಲಕ್ಷಣಗಳು

ಎಲ್ಲ ಸಭೆಗಳೂ ಒಂದೇ ಅಲ್ಲ. ಬೆಳಗಿನ ಹೊತ್ತು ಸ್ವಾಗತ ಭಾಷಣಕ್ಕೂ ಹಾರತುರಾಯಿಗಳಿಗೂ, ಮಧ್ಯಾಹ್ನವು ಅಧ್ಯಕ್ಷರ ನುಡಿಗೂ, ಸಂಜೆಯು ಗುಂಪಿನ ಭಾವಚಿತ್ರಕ್ಕೂ ಸಂದುಹೋಗುವ ಕೂಟಗಳುಂಟು. ಇಂಥದಕ್ಕೆ ರಜ ಕೊಟ್ಟಾಗ ತಂದೆತಾಯಂದಿರು ಗೊಣಗಿದರೆ ತಪ್ಪೆನ್ನಲಾಗದು. ಒಳ್ಳೆಯ ಸಮ್ಮೇಲನದಲ್ಲಿ ಭಾಷಣವು ಕಡಿಮೆ, ಕೈಕೆಲಸವು ಹೆಚ್ಚು. ನಿಜವಾದ ಮಕ್ಕಳು ಕೆಲಸಮಾಡುವುದನ್ನು ಮೌನವಾಗಿ ನೋಡುವುದಕ್ಕೆ ಒಂದು ಹೊತ್ತಾದರೂ ಮೀಸಲಾಗಿರುತ್ತದೆ. ಬಂದವರೆಲ್ಲರೂ ಕೈಯಿಂದ ಮಾಡಿದ ಸಾಧನಗಳನ್ನು ತಂದು ಹರಡುತ್ತಾರೆ. ತಯಾರಿಸಿದ ರೀತಿಯನ್ನೂ ತಗಲಿದ ವೆಚ್ಚವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹಳಬರು ಹೊಸಬರ ಪ್ರಶ್ನೆಗೆ ಉತ್ತರಕೊಡುವುದಲ್ಲದೆ ತಮ್ಮ ಸಂದೇಹಗಳನ್ನೂ ಮುಂದಿಡುತ್ತಾರೆ. ಕೊನೆಯಲ್ಲಿ ಪ್ರತಿಯೊಬ್ಬಳೂ, “ಸೋಮವಾರ ಶಾಲೆಗೆ ಹೋದೊಡನೆ ನಾನು ಮಾಡುವುದೇನು?” ಎಂಬುದನ್ನು ಎರಡು ಸಾಲಿನಲ್ಲಿ ಬರೆದುಕೊಂಡು ಏಳುತ್ತಾಳೆ. ಮುಂದಿನ ವರುಷ ಆ ಎರಡು ಸಾಲುಗಳನ್ನೇ ಮೊದಲು ಓದತಕ್ಕದ್ದು.

ತಂದೆತಾಯಂದಿರಿಗೂ ಪೂರ್ವ ವಿದ್ಯಾರ್ಥಿನಿಯರಿಗೂ

ತಂದೆತಾಯಂದಿರಲ್ಲಿ ಒಂದು ವಿಜ್ಞಾಪನೆ. ‘ಮಾಂಟೆಸ್ಸೋರಿ’ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಅಮೆರಿಕೆಯಲ್ಲಿ 1967ರಲ್ಲಿಯೇ ಇದು ಸಾಮಾನ್ಯ ಪದವೆಂದು ತೀರ್ಮಾನವಾಯಿತು. ನಮ್ಮ ಬೀದಿಗಳಲ್ಲಿಯೂ ಈ ಹೆಸರಿನ ಹಲಗೆಗಳು ಬಹಳ. ಆದುದರಿಂದ ಹಲಗೆಯನ್ನು ನೋಡಿ ಒಪ್ಪಬೇಡಿರಿ. ಉಪಾಧ್ಯಾಯಿನಿಯು ಎಲ್ಲಿ, ಎಷ್ಟು ಕಾಲ ತರಬೇತು ಪಡೆದಳು. ಮಕ್ಕಳ ಕೋಣೆಯಲ್ಲಿ ಕುಳಿತು ನೋಡುವ ಅಭ್ಯಾಸವನ್ನು ಮಾಡಿದಳೋ ಇಲ್ಲವೋ. ಕಳೆದ ಎರಡು ವರುಷಗಳಲ್ಲಿ ಯಾವ ವರ್ಗಕ್ಕೆ ಹೋಗಿಬಂದಳು. ಸಾಧನಗಳು ಮಕ್ಕಳ ಕೈಗೆಟಕುವ ಗೂಡಿನಲ್ಲಿವೆಯೋ, ಬೀರುವಿನಲ್ಲಿವೆಯೋ? ಇವನ್ನು ವಿನಯದಿಂದ ಕೇಳಿರಿ. ಒಳ್ಳೆಯ ಶಾಲೆಯು ಇಂಥ ಪ್ರಶ್ನೆಗಳಿಂದ ಸಂತೋಷಪಡುತ್ತದೆ. ಉತ್ತರವು ತೃಪ್ತಿಕರವಾಗಿದ್ದರೆ, ವರುಷಕ್ಕೆ ಎರಡು ದಿನಗಳ ರಜಕ್ಕಾಗಿ ಮುಖ ಗಂಟಿಕ್ಕಬೇಡಿರಿ. ಆ ಎರಡು ದಿನಗಳು ನಿಮ್ಮ ಮಗುವಿನ ಉಳಿದ ದಿನಗಳಿಗೆ ಸಲ್ಲುತ್ತವೆ.

ಈ ವೃತ್ತಿಗೆ ಮನಸ್ಸುಳ್ಳ ಸೋದರಿಯರಿಗೆ ಕೆಲವು ಮಾತು. ಸೇರುವ ಮೊದಲು ವರ್ಗದ ಅವಧಿಯನ್ನೂ, ಶುಲ್ಕವನ್ನೂ, ಪ್ರಮಾಣಪತ್ರವನ್ನು ಕೊಡುವವರು ಯಾರೆಂಬುದನ್ನೂ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿರಿ. ಸರಕಾರಿ ಪ್ರಾಥಮಿಕ ಶಾಲೆಯ ಹುದ್ದೆಗಳಿಗೆ ಬೇಕಾದ ಅರ್ಹತೆಗಳು ಬೇರೆಯೇ ಆಗಿವೆಯೆಂಬುದನ್ನು ಮರೆಯಬೇಡಿರಿ. ಮೂರರಿಂದ ಎಂಟು ವರುಷದವರೆಗಿನ ಕಾಲವನ್ನು ಶಿಕ್ಷಣದ ಬುನಾದಿಯೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಗಣಿಸಿರುವುದರಿಂದ, ಚಿಕ್ಕ ಮಕ್ಕಳನ್ನು ಬಲ್ಲ ಉಪಾಧ್ಯಾಯಿನಿಯರ ಅಗತ್ಯವು ಮುಂದೆ ಹೆಚ್ಚುವುದೇ ಹೊರತು ತಗ್ಗದು. ಅನುಕೂಲವಂತರಾದ ಪೂರ್ವ ವಿದ್ಯಾರ್ಥಿನಿಯರು, ಶುಲ್ಕವನ್ನು ಕೊಡಲಾರದ ಒಬ್ಬ ಹುಡುಗಿಯ ತರಬೇತಿನ ಭಾರವನ್ನು ಕೂಡಿಕೊಂಡು ಹೊರುವುದಾದರೆ, ಅದರ ಫಲವು ಅವಳೊಬ್ಬಳಿಗಲ್ಲದೆ ಅವಳ ಕೈಯಲ್ಲಿ ಬೆಳೆಯುವ ನೂರಾರು ಕೂಸುಗಳಿಗೂ ಮುಟ್ಟುವುದು. ಬಡವರ ಮಕ್ಕಳಿಗೂ ಈ ಶಿಕ್ಷಣವು ದೊರೆಯಲೆಂಬ ಹಾರೈಕೆಯು ಕೈಗೂಡುವುದಕ್ಕೆ ಇದಕ್ಕಿಂತ ಸಮೀಪದ ದಾರಿ ಕಾಣದು.

ಕಟ್ಟಡಕ್ಕೆ ದಾನಮಾಡುವವರು ದೊರೆಯುತ್ತಾರೆ. ಬೆಂಚು ಬೀರುಗಳನ್ನು ಕೊಡುವವರೂ ದೊರೆಯುತ್ತಾರೆ. ಉಪಾಧ್ಯಾಯಿನಿಯ ಕಲಿಕೆಗೆ ಕೊಟ್ಟ ಹಣವು ಮಾತ್ರ ಕಣ್ಣಿಗೆ ಕಾಣದು. ಅದರ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗದು. ಆದರೂ ಮಗುವಿನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ಮಾತನ್ನು ತಡೆದು, ಆ ಪುಟ್ಟ ಕೈಗಳು ತಾವಾಗಿಯೇ ಕೊನೆಯ ಘನವನ್ನು ಗೋಪುರದ ಮೇಲೆ ಇಡುವ ತನಕ ಕಾಯಬಲ್ಲವಳು ಒಬ್ಬಳಿದ್ದರೆ, ಗರಿಯ ಚಪ್ಪರವೂ ಒಳ್ಳೆಯ ಶಾಲೆಯೇ. ಅಂಥವರನ್ನು ಸಿದ್ಧಪಡಿಸುವುದರಲ್ಲಿಯೂ, ಸಿದ್ಧರಾದವರನ್ನು ದಣಿಯದಂತೆ ನೋಡಿಕೊಳ್ಳುವುದರಲ್ಲಿಯೂ ನಾವೆಲ್ಲರೂ ಕೈಗೂಡಿಸುವಂತಾಗಲಿ.